ಸೂಜಿಯಕ್ಕನ ಹೆಸರಿನ ಕಣಜ

ಸತ್ತ ಹುಳಕ್ಕೆ ಸೂಜಿ ಚುಚ್ಚುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರನ್ನು ಒಂದು ದಿನ ಸೂಜಿಯಕ್ಕನ ಮೇಜಿನ ಪಕ್ಕ ಕೂರಿಸಬೇಕು. ಹುಳ ಒಣಗಿ ಬಂದಿರುತ್ತದೆ, ಮುಟ್ಟಿದರೆ ಕಾಲು ಉದುರುತ್ತದೆ. ಅದನ್ನು ಒದ್ದೆ ಮರಳು ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟು ಮೊದಲು ಮೆತ್ತಗೆ ಮಾಡಬೇಕು. ಆಮೇಲೆ ಬೆನ್ನಿನ ನಡುಗೆರೆಯಿಂದ ತುಸು ಬಲಕ್ಕೆ ಸೂಜಿ ಇಳಿಸಬೇಕು. ನಟ್ಟನಡುವೆ ಚುಚ್ಚಿದರೆ ಎರಡು ಬದಿಯೂ ಹಾಳು. ಬಲಕ್ಕೆ ಚುಚ್ಚಿದರೆ ಎಡಬದಿಯಾದರೂ ನೋಡುವವರಿಗೆ ಉಳಿಯುತ್ತದೆ. ಕಾಲುಗಳನ್ನು ಒಂದೊಂದಾಗಿ ಬಿಡಿಸಿ, ಮೀಸೆಗಳನ್ನು ನೇರ ಮಾಡಿ, ಹುಳದ ಕೆಳಗೆ ಅದೇ ಸೂಜಿಗೆ ಒಂದು ಪುಟಾಣಿ ಚೀಟಿ ಪೋಣಿಸಬೇಕು: ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಹಿಡಿದವರು ಯಾರು. ಇಷ್ಟನ್ನೂ ಉಸಿರು ಬಿಗಿಹಿಡಿದೇ ಮಾಡಬೇಕು. ಒಂದು ಸೀನು ಬಂತೋ, ಬೆಳಗಿನಿಂದ ಮಾಡಿದ್ದೆಲ್ಲ ನೆಲದ ಪಾಲು.

ಈ ಕೆಲಸ ನಡೆಯುವುದು ವಸ್ತುಸಂಗ್ರಹಾಲಯದ ಹಿಂಭಾಗದ ಹುಳದ ಕೋಣೆಯಲ್ಲಿ. ಮುಂದಿನ ಹಾಲಿನಲ್ಲಿ ಜನ ಟಿಕೆಟ್ ಕೊಂಡು ಬಂದು ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಬಾಯಿ ಕಳೆದು ನಿಂತು ಹೋಗುತ್ತಾರೆ. ಹಿಂದೆ ಇಂಥದ್ದೊಂದು ಕೋಣೆ ಇದೆಯೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅಲ್ಲಿ ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು, ಬೀರುಗಳ ತುಂಬ ಗಾಜಿನ ಮುಚ್ಚಳದ ಡ್ರಾಯರುಗಳು, ಡ್ರಾಯರುಗಳ ತುಂಬ ಸಾಲಾಗಿ ನಿಂತ ಹುಳಗಳು. ನುಸಿಗುಳಿಗೆಯ ವಾಸನೆ ಸೀರೆಗೆ, ತಲೆಗೂದಲಿಗೆ, ಊಟದ ಡಬ್ಬಿಗೆ ಹತ್ತಿಕೊಂಡು ಮನೆಯವರೆಗೂ ಬರುತ್ತದೆ. ಸೂಜಿಯಕ್ಕ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ತಮ್ಮ ಮನೆಯ ಹಳೆಯ ಟ್ರಂಕು ನೆನಪಾದವರಂತೆ ಮುಖ ಮಾಡುತ್ತಾರೆ. ಅವಳಿಗೆ ಅದರ ಪರಿವೆ ಇಲ್ಲ.

ಅವಳು ಅಲ್ಲಿಗೆ ಸೇರಿದ್ದು ಶಾಲೆ ಮುಗಿಸಿದ ಹೊಸತರಲ್ಲಿ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವರು. ಗುಂಡಿ ಹಚ್ಚುವುದು, ಕಾಜಾ ಹಾಕುವುದು ಮಗಳ ಪಾಲಿಗೆ ಬಂದಿತ್ತು. ಹುಳದ ಕೋಣೆಯಲ್ಲಿ ಚುಚ್ಚುತ್ತಿದ್ದ ಮುದುಕರಿಗೆ ಕಣ್ಣು ಮಂಜಾಗುತ್ತಿದೆ, ಕೈ ನಡುಗದವರು ಯಾರಾದರೂ ಬೇಕಂತೆ ಎಂಬ ಸುದ್ದಿ ತಂದದ್ದು ಅಣ್ಣ. ಎರಡು ದಿನ ನೋಡಿ ಬರುತ್ತೇನೆಂದು ಹೋದವಳು ಅಲ್ಲೇ ಕೂದಲು ನರೆಸಿಕೊಂಡಳು. ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಕಾವಲುಗಾರನಿಂದ ಹಿಡಿದು ನಿರ್ದೇಶಕರ ತನಕ ಎಲ್ಲರಿಗೂ ಅವಳು ಸೂಜಿಯಕ್ಕ.

ಸೇರಿದ ಹೊಸತರಲ್ಲೇ ಒಂದು ದಿನ ಬಲೆಯಣ್ಣ ಬಂದ. ಹುಳ ಹಿಡಿಯಲು ಊರೂರು ಸುತ್ತುವುದು ಅವನ ನೌಕರಿ. ಬಿಸಿಲಿಗೆ ಕಾಯ್ದು ಹಂಚಿನ ಬಣ್ಣಕ್ಕೆ ತಿರುಗಿದ ಮುಖ, ಹೆಗಲ ಮೇಲೆ ಉದ್ದ ಕೋಲಿನ ಬಲೆ, ಜೇಬಿನ ತುಂಬ ಗಾಜಿನ ನಳಿಗೆ. ಎಲ್ಲರೂ ಅವನನ್ನು ಬಲೆಯಣ್ಣ ಎನ್ನುತ್ತಿದ್ದರು. ಅವಳಿಗೆ ಮಾತ್ರ ಮೊದಲ ದಿನದಿಂದಲೇ ಆ ‘ಅಣ್ಣ’ ಎಂಬುದು ಬಾಯಿಗೆ ಬರಲಿಲ್ಲ. ಕರೆಯಲೇಬೇಕಾಗಿ ಬಂದಾಗ ‘ಇವರೇ’ ಎನ್ನುತ್ತಿದ್ದಳು. ಹುಳದ ಕೋಣೆಯವರೇನು ಕುರುಡರಲ್ಲ, ಅವರು ಅದನ್ನು ಗಮನಿಸಿದ್ದರು.

ಆವತ್ತು ಅವನು ತಂದಿದ್ದ ನಳಿಗೆಯಲ್ಲಿ ಒಂದು ಕೆಂಪು ಹುಳ ಇತ್ತು. ನೋಡಿದರೆ ದೊಡ್ಡ ಇರುವೆ ಎನ್ನಬೇಕು, ಮೈತುಂಬ ಮಖಮಲ್ಲಿನಂಥ ಕೂದಲು, ಬೆನ್ನಿನ ಮೇಲೆ ಎರಡು ಬಿಳಿ ಚುಕ್ಕೆ. ಆದರೆ ಅದು ಇರುವೆಯಲ್ಲ, ರೆಕ್ಕೆಯಿಲ್ಲದ ಹೆಣ್ಣು ಕಣಜ. ಮುದುಕರು ಅದನ್ನು ಕಂಡದ್ದೇ ಕೈ ಒರೆಸಿಕೊಂಡು ದೂರ ಸರಿದರು. ಮಖಮಲ್ ಕಣಜದ ಚಿಪ್ಪು ಎಷ್ಟು ಗಟ್ಟಿಯೆಂದರೆ ಸೂಜಿ ಒಳಗೆ ಹೋಗುವ ಬದಲು ಬಾಗಿ ನಿಲ್ಲುತ್ತದೆ. ಸೂಜಿಯಕ್ಕ ಅವಸರ ಮಾಡಲಿಲ್ಲ. ದಪ್ಪ ಚರ್ಮ ಹೊಲಿಯುವ ಸೂಜಿಯೊಂದನ್ನು ತೆಗೆದುಕೊಂಡು, ಒತ್ತದೆ, ಬೆರಳ ನಡುವೆ ತಿರುಗಿಸುತ್ತ ತಿರುಗಿಸುತ್ತ ಮೊದಲು ಒಂದು ತೂತು ಮಾಡಿದಳು. ಆಮೇಲೆ ಅದರೊಳಗೆ ತೆಳ್ಳನೆಯ ಸೂಜಿ ಇಳಿಸಿದಳು. ಅವನು ಮೇಜಿನ ಆಚೆ ಮೊಣಕೈ ಊರಿ ಪೂರ್ತಿ ನೋಡಿದ.

“ಬಾಗ್ಲಿಲ್ವಲ್ರೀ!” ಎಂದ.

“ಬಾಗಿಸ್ಬೇಕಿತ್ತಾ?” ಎಂದಳು ಅವಳು, ತಲೆಯೆತ್ತದೆ.

ಅಂದಿನಿಂದ ಅವನು ತಂದದ್ದೆಲ್ಲ ಅವಳ ಮೇಜಿಗೇ ಬರತೊಡಗಿತು. ಒಂದು ಸುತ್ತು ಮುಗಿಸಿ ಬಂದರೆ ನಾಲ್ಕು ದಿನ ಊರಲ್ಲಿರುತ್ತಿದ್ದ. ಆ ನಾಲ್ಕು ದಿನ ಅವಳ ಪಕ್ಕದ ಸ್ಟೂಲಿನ ಮೇಲೆ ಕೂತು ಹುಳ ಸಿಕ್ಕ ಕಥೆ ಹೇಳುತ್ತಿದ್ದ. ಊರಾಚೆ ಹಳೆಯ ಇಟ್ಟಿಗೆ ಗೂಡಿನ ಹಿಂದೆ, ಹೊಳೆಯ ಕಡೆ ಇಳಿಯುವ ಒಂದು ಮರಳಿನ ಇಳಿಜಾರು ಇದೆ, ಬೆಳಗಿನ ಬಿಸಿಲು ಏರುವಾಗ ಈ ಕೆಂಪು ಹೆಣ್ಣುಗಳು ಅಲ್ಲಿ ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ ಓಡಾಡುತ್ತವೆ ಎಂದು ಹೇಳುತ್ತಿದ್ದ. “ಒಂದ್ಸಲ ಬಂದು ನೋಡಿ. ಬರೀ ಸತ್ತಿರೋದನ್ನೇ ನೋಡಿದ್ದೀರಿ ನೀವು.” ನೋಡೋಣ ಎನ್ನುತ್ತಿದ್ದಳು. ಭಾನುವಾರ ಬಂದರೆ ಮನೆಯಲ್ಲಿ ಕೆಲಸ, ವಾರದ ದಿನವಾದರೆ ಇಲ್ಲಿ ಕೆಲಸ. ಅವನು ಹೊರಟುಹೋದ ಮೇಲೆ ಆ ಸ್ಟೂಲಿನ ಮೇಲೆ ಡಬ್ಬಿಗಳನ್ನು ಪೇರಿಸಿಡುತ್ತಿದ್ದಳು, ಬೇರೆ ಯಾರೂ ಕೂರದಿರಲಿ ಎಂದು. ಕೇಳಿದವರಿಗೆ ಜಾಗ ಸಾಲದು ಎನ್ನುತ್ತಿದ್ದಳು.

ಈಗ ಹುಳಗಳಿಗೆ ಹೆಸರಿಡುವ ಸಂಗತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಊರೂರಿನ ಜನ ಒಂದೇ ಹುಳಕ್ಕೆ ಹತ್ತು ಹೆಸರು ಹೇಳುತ್ತಾರೆ, ಹತ್ತು ಹುಳಕ್ಕೆ ಒಂದೇ ಹೆಸರನ್ನೂ ಹೇಳುತ್ತಾರೆ. ಈ ಗೊಂದಲ ಬೇಡವೆಂದು ಜೀವವಿಜ್ಞಾನದವರು ಒಂದೊಂದು ಜೀವಿಗೂ ಎರಡು ಪದದ ಒಂದು ಲ್ಯಾಟಿನ್ ಹೆಸರು ಕೊಡುತ್ತಾರೆ. ಮೊದಲ ಪದ ಮನೆತನದ್ದು, ಹತ್ತಿರದ ಬಂಧುಗಳಿಗೆಲ್ಲ ಅದೇ. ಎರಡನೆಯದು ಅದಕ್ಕೇ ಸ್ವಂತದ್ದು. ಹೆಸರಿಟ್ಟವರು ಇಗೋ ಇದೇ ಆ ಹುಳ ಎಂದು ಒಂದನ್ನು ಆರಿಸಿ, ಅದರ ಸೂಜಿಗೆ ಕೆಂಪು ಚೀಟಿ ಪೋಣಿಸಿಡಬೇಕು. ಮುಂದೆ ಎಂದಾದರೂ ತಕರಾರು ಬಂದರೆ ಪಂಚಾಯಿತಿ ಆ ಕೆಂಪು ಚೀಟಿಯ ಹುಳದ ಮುಂದೆಯೇ ಆಗಬೇಕು. ಎರಡನೆಯ ಪದ ಬಣ್ಣದ್ದಾಗಬಹುದು, ಸಿಕ್ಕಿದ ಜಾಗದ್ದಾಗಬಹುದು, ಯಾರಾದರೂ ಮನುಷ್ಯರದ್ದೂ ಆಗಬಹುದು. ಮನುಷ್ಯರದ್ದಾದರೆ ಗಂಡಸಿನ ಹೆಸರಿಗೆ ಒಂದು ಬಾಲ, ಹೆಂಗಸಿನ ಹೆಸರಿಗೆ ಇನ್ನೊಂದು ಬಾಲ ಹಚ್ಚುತ್ತಾರೆ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಬಾರದೆಂದು ಕಾನೂನೇನೂ ಇಲ್ಲವಂತೆ, ಆದರೆ ಹಾಗೆ ಮಾಡಿದವನನ್ನು ಉಳಿದವರು ಜೀವಮಾನವಿಡೀ ಆಡಿಕೊಂಡು ನಗುತ್ತಾರೆ. ಹೆಸರು ಇನ್ನೊಬ್ಬರು ಕೊಟ್ಟೇ ಬರಬೇಕು.

ಆ ಕಾಲಕ್ಕೆ ಹುಳದ ಕೋಣೆಯಲ್ಲಿ ಹೆಸರಿಡುತ್ತಿದ್ದವರು ದೊಡ್ಡ ಸಾರ್. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಎರಡು ಬಿಳಿ ಚುಕ್ಕೆಯ ಆ ಕೆಂಪು ಕಣಜ ಯಾರೂ ಹೆಸರಿಡದ ಹೊಸದೆಂದು ಅವರಿಗೆ ಖಾತ್ರಿಯಾದಾಗ ಬಲೆಯಣ್ಣನನ್ನು ಕರೆದು, “ಹಿಡಿದವನು ನೀನು. ಏನಂತ ಇಡೋಣ?” ಎಂದರು. ಬಲೆಯಣ್ಣ ನೆಲ ನೋಡುತ್ತ ಸೂಜಿಯಕ್ಕನ ನಿಜವಾದ ಹೆಸರು ಹೇಳಿದ. ಅವಳ ಹೆಸರು ಅವನಿಗೆ ಗೊತ್ತಿದೆಯೆಂಬುದು ಅವಳಿಗೆ ಗೊತ್ತಾದದ್ದೇ ಆಗ. ದೊಡ್ಡ ಸಾರ್ ಅಚ್ಚಿಗೆ ಸಿದ್ಧಪಡಿಸುತ್ತಿದ್ದ ಹೊಸ ಹುಳಗಳ ಪುಸ್ತಕಕ್ಕೆ ಅದನ್ನು ಬರೆದುಕೊಂಡರು. ಅದೇ ಪುಸ್ತಕದಲ್ಲಿ, ಅದೇ ಮರಳಿನ ಇಳಿಜಾರಿನಲ್ಲಿ ಸಿಕ್ಕಿದ್ದ ಇನ್ನೊಂದು ಕಣಜಕ್ಕೆ, ರೆಕ್ಕೆಯಿದ್ದ ಒಂದು ಗಂಡಿಗೆ, ಬಲೆಯಣ್ಣನ ಹೆಸರಿಟ್ಟರು. ಕಪ್ಪು ಮೈ, ಹೊಗೆಬಣ್ಣದ ರೆಕ್ಕೆ, ಸೊಂಟಕ್ಕೆ ತೆಳ್ಳನೆಯ ಬೂದು ಪಟ್ಟಿ. ಕೆಂಪು ಹೆಣ್ಣಿಗೂ ಅದಕ್ಕೂ ಒಂದು ಕೂದಲೆಳೆಯಷ್ಟೂ ಹೋಲಿಕೆ ಇರಲಿಲ್ಲ.

ಈ ಕಣಜಗಳ ತಾಪತ್ರಯವೇ ಅದು. ಮಖಮಲ್ ಕಣಜಗಳಲ್ಲಿ ಹೆಣ್ಣು ನೆಲದ ಮೇಲೆ ಓಡುವುದು, ಗಂಡು ಗಾಳಿಯಲ್ಲಿ ಹಾರುವುದು. ಬಣ್ಣ ಬೇರೆ, ಆಕಾರ ಬೇರೆ. ಯಾವ ಹೆಣ್ಣಿಗೆ ಯಾವ ಗಂಡು ಎಂಬುದನ್ನು ಮೈ ನೋಡಿ ಹೇಳುವುದು ಆಗದ ಮಾತು. ಹೀಗಾಗಿ ಒಂದೇ ಜಾತಿಯ ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಹೆಸರಿಟ್ಟು ಕೂತದ್ದು ಈ ವಿದ್ಯೆಯಲ್ಲಿ ಎಷ್ಟೋ ಸಲ ಆಗಿದೆ. ಅವು ಕೂಡಿದ್ದಾಗಲೇ ಸಿಕ್ಕಿಬಿದ್ದರೆ ಸರಿ. ಅಲ್ಲಿಯವರೆಗೆ ದೊಡ್ಡ ಸಾರ್ ರೆಕ್ಕೆಯಿಲ್ಲದವನ್ನು ಕಿಟಕಿಯ ಕಡೆಯ ಬೀರುವಿನಲ್ಲೂ ರೆಕ್ಕೆಯಿದ್ದವನ್ನು ಬಾಗಿಲ ಕಡೆಯ ಬೀರುವಿನಲ್ಲೂ ಇಡಿಸಿದ್ದರು.

“ಇವೆರಡೂ ಒಂದೇ ಇರ್ಬೇಕು ಸಾರ್,” ಎಂದು ಬಲೆಯಣ್ಣ ಒಮ್ಮೆ ಹೇಳಿದ್ದ. “ಅದೇ ಜಾಗ, ಅದೇ ಹೊತ್ತು.”

“ಒಟ್ಟಿಗೇ ಇದ್ದಾಗ ಹಿಡಿದು ತಾ, ಬರೀತೀನಿ,” ಎಂದರು ದೊಡ್ಡ ಸಾರ್. “ಕಂಡಿದ್ದನ್ನ ಬರೀಬಹುದು. ಅಂದ್ಕೊಂಡಿದ್ದನ್ನ ಬರೆಯೋಕಾಗಲ್ಲ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಲೆಯಣ್ಣ ಹೊರಗೆ ಬಂದು ಅವಳ ಮೇಜಿನ ಹತ್ತಿರ ನಿಂತು, “ಒಂದೇ ರೀ ಅವು, ಬೇಕಾದ್ರೆ ಪಂದ್ಯ,” ಎಂದ. ಅವನು ಹುಳದ ಮಾತೇ ಆಡುತ್ತಿದ್ದಾನೋ ಇಲ್ಲವೋ ತಿಳಿಯದೆ ಅವಳು ಚಿಮುಟ ಕೆಳಗಿಟ್ಟು ಕೈ ತೊಳೆಯಲು ಹೋದಳು.

ಅವನು ಕೇಳಿದ್ದು ಅದರ ಮರುವರ್ಷ. ದೂರದ ಕರಾವಳಿಯಲ್ಲಿ ಹೊಸ ಸಂಶೋಧನಾ ಕೇಂದ್ರ ತೆರೆದಿದ್ದರು, ಅವನಿಗೆ ಅಲ್ಲಿಗೆ ವರ್ಗ. ಸಾಮಾನು ಕಟ್ಟಿದ ಮೇಲೆ ಸ್ಟೂಲಿನ ಮೇಲಿನ ಡಬ್ಬಿಗಳನ್ನು ತಾನೇ ಇಳಿಸಿ ಕೂತ.

“ಅಲ್ಲೂ ಸೂಜಿ ಚುಚ್ಚೋರು ಬೇಕಂತೆ,” ಎಂದ. “ಮನೆಯೂ ಕೊಡ್ತಾರೆ. ಬರ್ತೀರಾ?”

ಅವನ ಜೀವಮಾನದಲ್ಲಿ ಅದಕ್ಕಿಂತ ಬಿಡಿಸಿ ಅವನು ಏನನ್ನೂ ಹೇಳಿದವನಲ್ಲ. ಹೂಂ ಎನ್ನಬೇಕೆಂದಿತ್ತು ಅವಳಿಗೆ. ಆದರೆ ಮನೆಯಲ್ಲಿ ಅಮ್ಮನಿಗೆ ಲಕ್ವ ಹೊಡೆದು ಒಂದು ಕೈ, ಒಂದು ಕಾಲು ಬಿದ್ದುಹೋಗಿ ತಿಂಗಳಾಗಿತ್ತು. ಅಣ್ಣನಿಗೆ ಆಗಷ್ಟೇ ಮದುವೆ. ಅತ್ತಿಗೆ ಎಂದರೆ ನಿನ್ನೆ ಮೊನ್ನೆ ಮನೆಗೆ ಬಂದ ಹುಡುಗಿ.

“ಅಮ್ಮ ಸ್ವಲ್ಪ ಸುಧಾರಿಸ್ಕೊಳ್ಲಿ,” ಎಂದಳು.

“ಸರಿ,” ಎಂದ ಅವನು. ಹೋದ.

ಇನ್ನೊಂದು ಸಲ ಕೇಳುತ್ತಾನೆಂದು ಅವಳು ಕಾದಳು. ಅಮ್ಮ ಸುಧಾರಿಸಲೂ ಇಲ್ಲ, ಹೋಗಲೂ ಇಲ್ಲ. ಮಗಳ ಕೈಯಲ್ಲಿ ತುತ್ತು ತಿನ್ನುತ್ತ ವರ್ಷಗಟ್ಟಲೆ ಬದುಕಿದರು. ಕರಾವಳಿಯಿಂದ ಹುಳಗಳ ಪೆಟ್ಟಿಗೆಗಳು ಬರುತ್ತಿದ್ದವು. ಪ್ರತಿ ಪೆಟ್ಟಿಗೆ ಬಂದಾಗಲೂ ಅವಳೇ ಬಿಚ್ಚುತ್ತಿದ್ದಳು, ಹತ್ತಿಯ ಪದರಗಳನ್ನು ಬೇಕಾದ್ದಕ್ಕಿಂತ ನಿಧಾನವಾಗಿ ಎತ್ತುತ್ತಿದ್ದಳು. ಹತ್ತಿಯ ಕೆಳಗೆ ಹುಳಗಳೇ ಇರುತ್ತಿದ್ದವು. ಆಮೇಲೊಂದು ದಿನ ಪೆಟ್ಟಿಗೆ ತಂದ ಡ್ರೈವರು, “ನಿಮ್ಮ ಬಲೆಯಣ್ಣ ಕೊನೆಗೂ ಬಲೆಗೆ ಬಿದ್ದ ನೋಡಿ,” ಎಂದು ನಕ್ಕ. ಅಲ್ಲಿಯೇ ಒಬ್ಬ ಶಾಲಾ ಟೀಚರನ್ನು ಮದುವೆಯಾಗಿದ್ದನಂತೆ. ಒಳ್ಳೆಯದಾಯಿತು ಎಂದಳು ಸೂಜಿಯಕ್ಕ. ಅವತ್ತು ಚುಚ್ಚಿದ ಹುಳಗಳನ್ನು ಈಗಲೂ ಗುರುತಿಸಬಹುದು, ಎಲ್ಲವೂ ಎಡಕ್ಕೆ ವಾಲಿವೆ.

ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವವರ ಮಾತು ಕೇಳಿ ನನಗಂತೂ ರೇಗುತ್ತದೆ. ಸೂಜಿಯಕ್ಕ ಏನನ್ನೂ ಮರೆಯಲಿಲ್ಲ. ದೊಡ್ಡ ಸಾರ್ ನಿವೃತ್ತರಾಗಿ ತೀರಿಕೊಂಡರು, ಅಮ್ಮ ತೀರಿಕೊಂಡರು, ಬಲೆಯಣ್ಣ ಅಜ್ಜನಾದನೆಂದು ಸುದ್ದಿ ಬಂತು, ಕೆಲವು ವರ್ಷದ ಹಿಂದೆ ಅವನೂ ಹೋದನೆಂದು ಸುದ್ದಿ ಬಂತು. ಸುದ್ದಿ ಬಂದ ದಿನ ಅವಳು ಅಳುವುದಕ್ಕೆ ತನಗೇನು ಹಕ್ಕಿದೆ ಎಂದು ಯೋಚಿಸುತ್ತ ಕೂತಳು. ಯೋಚಿಸುತ್ತಿರುವಾಗಲೇ ಕಣ್ಣೀರು ಮೇಜಿನ ಮೇಲೆ ಬಿತ್ತು. ವಾರಕ್ಕೊಮ್ಮೆ ಡ್ರಾಯರುಗಳಲ್ಲಿ ನುಸಿ ಬಿದ್ದಿದೆಯೇ ಎಂದು ನೋಡುವ ಕ್ರಮವಿದೆ. ಕಿಟಕಿಯ ಕಡೆ ತನ್ನ ಹೆಸರಿನ ಕೆಂಪು ಹೆಣ್ಣನ್ನು ನೋಡಿ, ಹದಿನಾರು ಬೀರು ದಾಟಿ, ಬಾಗಿಲ ಕಡೆ ಅವನ ಹೆಸರಿನ ಕಪ್ಪು ಗಂಡನ್ನು ನೋಡಿ ಬರುವುದು ಅವಳ ವಾರದ ಪದ್ಧತಿ. ಅಷ್ಟರಲ್ಲೇ ಅವಳು ಜೀವ ಹಿಡಿದುಕೊಂಡಿದ್ದಳು.

ಇಂಥದ್ದರಲ್ಲಿ ಮರಿ ಮೇಡಂ ಬಂದಳು. ವಿದ್ಯಾರ್ಥಿನಿಯಾಗಿ ಬಂದು ಈಗ ಕಣಜಗಳ ವಿಭಾಗ ನೋಡಿಕೊಳ್ಳುತ್ತಿದ್ದವಳು, ಮೇಡಂ ಆದ ಮೇಲೂ ಮರಿ ಎಂಬುದು ಅಂಟಿಕೊಂಡೇ ಇತ್ತು. ಬುದ್ಧಿ ಬಹಳ ಚುರುಕು, ಹೊಟ್ಟೆ ಸದಾ ಹಸಿದಿರುತ್ತಿತ್ತು. ಸೂಜಿಯಕ್ಕನ ಡಬ್ಬಿಯ ಅರ್ಧ ಅವಳಿಗೇ ಹೋಗುತ್ತಿತ್ತು. ಒಂದು ದಿನ ಗಾಜಿನ ಸೀಸೆಯೊಂದನ್ನು ಎದೆಗೆ ಅವಚಿಕೊಂಡು ಓಡಿಬಂದಳು.

“ಅಕ್ಕ, ನೋಡಿ ಯಾರು ಬಂದಿದ್ದಾರೆ! ನೀವೇ!”

ಸೀಸೆಯಲ್ಲಿ ಒಂದು ಕೆಂಪು ಕಣಜ, ಬೆನ್ನಿನ ಮೇಲೆ ಎರಡು ಬಿಳಿ ಚುಕ್ಕೆ, ಸರಸರ ಓಡುತ್ತಿತ್ತು. ಸೀಸೆಯನ್ನು ಅಲುಗಿಸಿದರೆ ಕೀಚು ಕೀಚೆಂದು ಬೈಯುತ್ತಿತ್ತು. ಈ ಕಣಜ ಮೊಟ್ಟೆಯಿಡುವುದು ನೆಲದಲ್ಲಿ ಗೂಡು ಮಾಡುವ ಜೇನಿನ ಮರಿಗಳ ಮೇಲೆ. ಮರಿ ಮೇಡಂ ಆ ಮರಳಿನ ಇಳಿಜಾರಿನಿಂದ ಜೇನುಗೂಡಿನ ಮಣ್ಣುಗಟ್ಟಿಗಳನ್ನು ಅಗೆದು ತಂದು ಇಟ್ಟುಕೊಂಡಿದ್ದಳು. ಆ ಬೆಳಗ್ಗೆ ಒಂದು ಗಟ್ಟಿ ಒಡೆದು ಇದು ಹೊರಗೆ ಬಂದಿತ್ತು.

“ಇದಿನ್ನೂ ಗಂಡಿನ ಮುಖ ನೋಡಿಲ್ಲ ಅಕ್ಕ. ಇಂಥದ್ದನ್ನ ಬಲೆಬಟ್ಟೆ ಪಂಜರದಲ್ಲಿಟ್ಟು ಬಿಸಿಲಲ್ಲಿ ಕೂರಿಸಿದ್ರೆ, ಅದರ ವಾಸನೆಗೆ ಅದರ ಜಾತಿ ಗಂಡು ಎಲ್ಲಿದ್ರೂ ಹುಡುಕ್ಕೊಂಡು ಬರುತ್ತೆ. ಬೇರೆ ಜಾತಿದು ಪಕ್ಕದಲ್ಲೇ ಹಾರಿದ್ರೂ ತಿರುಗಿ ನೋಡಲ್ಲ. ನಾಳೆ ತಗೊಂಡು ಹೋಗ್ತೀನಿ. ನೀವೂ ಬರ್ತೀರಾ?”

“ನಾನ್ಯಾಕಮ್ಮ?” ಎನ್ನಲು ಬಾಯಿ ತೆರೆದವಳು “ಬರ್ತೀನಿ,” ಎಂದುಬಿಟ್ಟಳು.

ಹೀಗೆ ಸೂಜಿಯಕ್ಕ ಕೂದಲು ಬೆಳ್ಳಗಾದ ಮೇಲೆ ಮೊದಲ ಬಾರಿ ಆ ಇಳಿಜಾರನ್ನು ಕಂಡಳು. ಹಳೆಯ ಇಟ್ಟಿಗೆ ಗೂಡಿನ ಚಿಮಣಿ ಅರ್ಧ ಕುಸಿದಿತ್ತು. ಮರಳು ಬೆಳ್ಳಗೆ, ಬಿಸಿಯಾಗಿ, ಹೊಳೆಯ ಕಡೆಗೆ ಇಳಿದಿತ್ತು. ಅವನು ಹೇಳಿದ್ದಂತೆಯೇ ಇತ್ತು. ಬಿಸಿಲು ಏರಿದಂತೆ ಒಂದು ಕೆಂಪು ಕಣಜ ಕಲ್ಲಿನ ಸಂದಿಯಿಂದ ಹೊರಗೆ ಬಂದು, ಹತ್ತು ಹೆಜ್ಜೆ ಓಡಿ, ನಿಂತು, ಹಿಂದಕ್ಕೆ ಓಡಿತು. ಏನೋ ಮರೆತು ಬಂದವರ ಹಾಗೆ ಎಂದಿದ್ದನಲ್ಲ, ಅದೇ. ಒಂದೇ ಒಂದು ಭಾನುವಾರ ಬರಬಹುದಿತ್ತು. ಬಟ್ಟೆ ಒಗೆಯುವುದು ಒಂದು ದಿನ ತಡವಾಗಿದ್ದರೆ ಯಾರೂ ಸಾಯುತ್ತಿರಲಿಲ್ಲ.

ಪಂಜರವನ್ನು ಮರಳಿನ ಮೇಲಿಟ್ಟು ಇಬ್ಬರೂ ಕೊಡೆಯ ನೆರಳಿನಲ್ಲಿ ಕೂತರು. ಬಹಳ ಹೊತ್ತು ಏನೂ ಆಗಲಿಲ್ಲ. ಒಂದು ಕಂದು ಕಣಜ ಬಂತು, ಪಂಜರದ ಮೇಲೆಯೇ ಹಾದು, ನೋಡದೆ ಹೋಯಿತು. ಮರಿ ಮೇಡಂ ಗಲ್ಲಕ್ಕೆ ಕೈಯಿಟ್ಟುಕೊಂಡು ಆಕಳಿಸಿದಳು. ಸೂಜಿಯಕ್ಕ ಮಾತ್ರ ಕಣ್ಣು ತೆಗೆಯಲಿಲ್ಲ. ಅವನ ಹೆಸರಿನದು ಬಾರದೆ ಬೇರೆ ಯಾವುದೋ ಬಂದುಬಿಟ್ಟರೆ ಎಂದು ಅವಳಿಗೆ ಹೆದರಿಕೆಯಾಗತೊಡಗಿತು. ಇಷ್ಟು ವರ್ಷ ಎರಡು ಬೀರುಗಳ ನಡುವೆ ಓಡಾಡಿದ್ದು ಯಾವ ಸಂಬಂಧವೂ ಇಲ್ಲದ ಎರಡು ಹುಳಗಳಿಗಾಗಿ ಎಂದಾದರೆ ಅವಳ ಹತ್ತಿರ ಉಳಿಯುವುದೇನು?

ಬಿಸಿಲು ನೆತ್ತಿಯ ಹತ್ತಿರ ಬಂದಾಗ ಹೊಳೆಯ ಕಡೆಯಿಂದ ಒಂದು ಕಪ್ಪು ಚುಕ್ಕೆ ನೆಲಕ್ಕೆ ತಾಕುವಷ್ಟು ಕೆಳಗೆ ಹಾರುತ್ತ ಬಂತು. ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ನೆಟ್ಟಗೆ ಪಂಜರಕ್ಕೆ ಬಂದು ಬಡಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹೊಗೆಬಣ್ಣದ ರೆಕ್ಕೆ, ಸೊಂಟಕ್ಕೆ ಬೂದು ಪಟ್ಟಿ. ಮರಿ ಮೇಡಂ ಪಂಜರದ ಬಾಗಿಲು ತೆರೆದು ಒಂದನ್ನು ಒಳಗೆ ಬಿಟ್ಟಳು. ಗಂಡು ಹೆಣ್ಣನ್ನು ಬೆನ್ನ ಮೇಲಿನಿಂದ ಅಪ್ಪಿ ಹಿಡಿದುಕೊಂಡಿತು. ಕೀಚುತ್ತಿದ್ದ ಹೆಣ್ಣು ಸುಮ್ಮನಾಯಿತು.

“ಅಕ್ಕ, ಒಂದೇ! ಎರಡೂ ಒಂದೇ!” ಎಂದು ಮರಿ ಮೇಡಂ ಮರಳಿನಲ್ಲಿ ಕುಣಿದಳು.

ಸೂಜಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಬಿಸಿಲು ಜಾಸ್ತಿಯಾಯಿತು ಎಂದಳು.

ತೊಡಕು ಶುರುವಾದದ್ದು ಆಮೇಲೆ. ಪ್ರಯೋಗಾಲಯದ ಪರೀಕ್ಷೆಯೂ ಒಂದೇ ಎಂದಿತು. ಒಂದೇ ಜಾತಿಗೆ ಎರಡು ಹೆಸರು ಇರುವಂತಿಲ್ಲ. ಅಚ್ಚಿಗೆ ಕಳಿಸಬೇಕಾದ ಲೇಖನ ಬರೆದು ಮುಗಿಸಿದ ದಿನ ಮರಿ ಮೇಡಂ ಸೂಜಿಯಕ್ಕನ ಮೇಜಿಗೆ ಬಂದು, ಅಂದು ಬಲೆಯಣ್ಣ ಕೂರುತ್ತಿದ್ದ ಜಾಗದಲ್ಲೇ ಕೂತಳು.

“ಇಂಥ ಕಡೆ ಮೊದಲು ಇಟ್ಟ ಹೆಸರು ಉಳಿಯುತ್ತೆ, ಆಮೇಲೆ ಇಟ್ಟಿದ್ದು ಬೀಳುತ್ತೆ. ಇದು ನಿಯಮ. ಆದ್ರೆ ನಿಮ್ಮ ಹೆಸರೂ ಅವರ ಹೆಸರೂ ಒಂದೇ ಪುಸ್ತಕದಲ್ಲಿ, ಒಂದೇ ದಿನ ಬಂದಿರೋದು. ಯಾವ ಪುಟ ಮೊದಲು ಅನ್ನೋದು ಲೆಕ್ಕಕ್ಕಿಲ್ಲ. ಹೀಗಾದಾಗ, ಇವೆರಡೂ ಒಂದೇ ಅಂತ ಮೊದಲು ಬರೆಯೋರು ಯಾವುದನ್ನ ಆರಿಸ್ತಾರೋ ಅದೇ ಖಾಯಂ. ಬರೀತಿರೋದು ನಾನು. ಆರಿಸ್ಬೇಕಾದೋಳೂ ನಾನೇ.” ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟು, “ನಿಮ್ಮನ್ನ ಕೇಳ್ದೆ ನಂಗೆ ಕೈ ಬರ್ತಿಲ್ಲ ಅಕ್ಕ. ಯಾವುದು ಇರ್ಲಿ?” ಎಂದಳು.

“ಅವರದ್ದೇ ಇರ್ಲಿ,” ಎಂದಳು ಸೂಜಿಯಕ್ಕ. ಒಂದು ಕ್ಷಣವೂ ತಡಮಾಡಲಿಲ್ಲ. “ಹಿಡಿದೋರು ಅವರು. ನಾನೇನು, ಚುಚ್ಚಿದೋಳು.”

“ನಾಳೆ ಮಧ್ಯಾಹ್ನ ಕಳಿಸ್ತೀನಿ. ಅಲ್ಲೀತನಕ ಯೋಚ್ನೆ ಮಾಡಿ. ಒಮ್ಮೆ ಹೋದ್ರೆ ಮತ್ತೆ ಯಾರೂ ಬದಲಾಯಿಸೋ ಹಾಗಿಲ್ಲ.”

“ಯೋಚ್ನೆ ಏನಿದೆ ಇದ್ರಲ್ಲಿ,” ಎಂದು ಅವಳು ಚಿಮುಟ ಎತ್ತಿಕೊಂಡಳು. ಆದರೆ ಆ ಸಂಜೆ ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಳು.

ಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು. ನಿನ್ನೆ ಮೊನ್ನೆ ಬಂದ ಹುಡುಗಿ ಈಗ ಮಂಡಿನೋವಿನ ಹೆಂಗಸು, ಮನೆಯ ಯಜಮಾನಿಕೆ ಪೂರ್ತಿ ಅವಳದೇ. ತೊಳೆದದ್ದನ್ನು ಒರೆಸುತ್ತ ಸೂಜಿಯಕ್ಕ ನಡೆದದ್ದನ್ನು ಹೇಳಿದಳು, ಪೇಟೆಯಲ್ಲಿ ಸೋಪಿನ ಬೆಲೆ ಏರಿದೆ ಎನ್ನುವ ಧಾಟಿಯಲ್ಲಿ. ಅತ್ತಿಗೆ ನಲ್ಲಿ ನಿಲ್ಲಿಸಿದಳು.

“ಅಂದ್ರೆ ನಿನ್ನ ಹೆಸರು ಹೋಯ್ತಾ? ನಮ್ಮ ನಾದಿನಿ ಹೆಸರಲ್ಲೊಂದು ಹುಳ ಇದೆ ಅಂತ ನಾನು ಬೀದಿ ತುಂಬ ಹೇಳ್ಕೊಂಡು ಬಂದಿದ್ದೀನಿ ಕಣೇ! ಕುಟುಕುತ್ತೆ ಅಂತಾನೂ ಹೇಳಿದ್ದೀನಿ.”

“ಒಂದು ಹೆಸರು ಹೋಗ್ಲೇಬೇಕು ಅತ್ತಿಗೆ. ಅವರದ್ದು ಇರ್ಲಿ ಅಂದೆ.”

“ಅಂದಿರ್ತೀಯ.” ಅತ್ತಿಗೆ ಕೈ ಒರೆಸಿಕೊಂಡಳು. ನಗು ಹೋಗಿತ್ತು. “ಆಯಪ್ಪ ಕರೆದಾಗ್ಲೂ ಹೀಗೇ ಏನೋ ಅಂದಿರ್ತೀಯ. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ? ಹೊಸದಾಗಿ ಬಂದೋಳಿಗೆ ಕಣ್ಣು ಜಾಸ್ತಿ. ಅತ್ತೇನ ನಾನು ನೋಡ್ಕೋತಿದ್ದೆ ಕಣೇ. ಸಂತೋಷವಾಗಿ ನೋಡ್ಕೋತಿದ್ದೆ. ‘ಅತ್ತಿಗೆ, ನಾನು ಹೋಗ್ಲಾ’ ಅಂತ ನೀನು ಒಂದ್ಸಲ ಬಾಯಿಬಿಟ್ಟು ಕೇಳ್ಬೇಕಿತ್ತು. ನನ್ನನ್ನೂ ಕೇಳ್ಲಿಲ್ಲ, ನಿಮ್ಮಣ್ಣನ್ನೂ ಕೇಳ್ಲಿಲ್ಲ. ಆಯಪ್ಪನಿಗಾದ್ರೂ, ಇನ್ನೊಂದು ಸ್ವಲ್ಪ ದಿನ ನನಗೋಸ್ಕರ ಇರಿ ಅಂತ ಕೇಳಿದ್ಯಾ?”

ಸೂಜಿಯಕ್ಕ ಒರೆಸಿದ ತಟ್ಟೆಯನ್ನೇ ಒರೆಸುತ್ತಿದ್ದಳು. ಅವನು ಎರಡನೆಯ ಸಲ ಕೇಳಲಿಲ್ಲವೆಂದು ಇಷ್ಟು ವರ್ಷವೂ ಒಳಗೊಳಗೇ ನೊಂದುಕೊಂಡಿದ್ದಳು. ತಾನು ಒಂದು ಸಲವೂ ಕೇಳಿರಲಿಲ್ಲ ಎಂಬುದು ಅವಳ ತಲೆಗೆ ಹೊಳೆದಿರಲೇ ಇಲ್ಲ. ಕೇಳಿದ್ದರೆ ಅವನು ಇರುತ್ತಿದ್ದನೋ ಏನೋ, ಹೇಳುವವರಾರು? ಕೇಳಬಹುದಿತ್ತು. ಅತ್ತಿಗೆ ಅವಳ ಕೈಯಿಂದ ತಟ್ಟೆ ಕಿತ್ತುಕೊಂಡು, ಹೋಗಿ ಕೂತುಕೋ ಎಂದು ಗದರಿದಳು. ಆಮೇಲೆ ತಾನೇ ಬಂದು ಪಕ್ಕದಲ್ಲಿ ಕೂತಳು.

ಮರುದಿನ ಸೂಜಿಯಕ್ಕ ಎಂದಿಗಿಂತ ಬೇಗ ಬಂದು ಮರಿ ಮೇಡಂ ಕೋಣೆಯ ಮುಂದೆ ನಿಂತಿದ್ದಳು.

“ನನ್ನದೇ ಇರ್ಲಿ,” ಎಂದಳು.

ಮರಿ ಮೇಡಂ ಚೀಲ ಇಳಿಸುವುದನ್ನೂ ಮರೆತು ನೋಡಿದಳು. “ನಿನ್ನೆ ಅವರದ್ದು ಅಂದ್ರಿ?”

“ನಿನ್ನೆ ಅಂದಿದ್ದು ಅಭ್ಯಾಸಬಲ. ಅವರ ಹೆಸರಲ್ಲಿ ಒಂದು ಜೀರುಂಡೆ ಇದೆ, ಕರಾವಳಿಯ ಬಸವನಹುಳ ಇದೆ, ಎರಡು ಚಿಟ್ಟೆ ಇವೆ. ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ. ನಂಗಿರೋದು ಇದೊಂದೇ ಕಣಮ್ಮ. ಅದೂ ಅವರೇ ಕೊಡಿಸಿದ್ದು. ಇದನ್ನ ನಾನು ಬಿಟ್ಟುಕೊಡಲ್ಲ.” ಸೆರಗು ಬಿಗಿದುಕೊಂಡು ಇನ್ನೊಂದು ಮಾತು ಕೇಳಿದಳು. “ಅವರ ಹೆಸರು ನನ್ನ ಹೆಸರಿನ ಕೆಳಗೆ ಇರುತ್ತಲ್ವಾ? ಪೂರ್ತಿ ಅಳಿಸಿ ಹಾಕಲ್ವಲ್ಲ?”

“ಇರುತ್ತೆ ಅಕ್ಕ. ನಿಮ್ಮ ಹೆಸರು ಎಲ್ಲಿ ಬರೆದ್ರೂ ಅದರ ಕೆಳಗೆ ಅವರದ್ದೂ ಬರೀಲೇಬೇಕು. ಇದನ್ನ ಹೀಗೂ ಕರೀತಿದ್ರು ಅಂತ.”

“ಹಾಗಾದ್ರೆ ಸರಿ.”

ಮಧ್ಯಾಹ್ನ ಮರಿ ಮೇಡಂ ಬರೆದದ್ದನ್ನು ಕಳಿಸಿದಳು. ಅದು ಅಚ್ಚಾಗಿ ಬಂದ ದಿನ ಎರಡನ್ನೂ ಒಂದೇ ಡ್ರಾಯರಿಗೆ ಸೇರಿಸುವ ಕೆಲಸ ಬಂತು. ಮರಿ ಮೇಡಂ ತಾನೇ ಮಾಡುತ್ತೇನೆಂದಳು. ಸೂಜಿಯಕ್ಕ ಕೇಳಲಿಲ್ಲ, ಕೋಣೆಯಿಂದ ಅವಳನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡಳು.

ಬಾಗಿಲ ಕಡೆಯ ಬೀರು ತೆರೆದು, ಗಾಜು ಸರಿಸಿ, ಕೆಂಪು ಚೀಟಿಯ ಕಪ್ಪು ಗಂಡಿನ ಸೂಜಿಯನ್ನು ಚಿಮುಟದಿಂದ ಹಿಡಿದು ಮೆಲ್ಲಗೆ ಮೇಲೆತ್ತಿದಳು. ಗಾಳಿ ತಾಕದಂತೆ ಇನ್ನೊಂದು ಕೈ ಮರೆಮಾಡಿ ಬೀರುಗಳ ಸಾಲು ದಾಟಿ ಕಿಟಕಿಯ ಕಡೆಗೆ ನಡೆದಳು. ಕಾಲು ಎಡವದಿರಲೆಂದು ನೆಲ ನೋಡುತ್ತ ನಡೆದಳು. ಅವಳ ಡ್ರಾಯರಿನಲ್ಲಿ ಕೆಂಪು ಹೆಣ್ಣಿನ ಪಕ್ಕದ ಜಾಗವನ್ನು ಬೆಳಗ್ಗೆಯೇ ಖಾಲಿ ಮಾಡಿ ಇಟ್ಟಿದ್ದಳು. ಸೂಜಿಯ ತುದಿಯನ್ನು ಅಲ್ಲಿಗೆ ತಾಗಿಸಿ, ಒತ್ತುವ ಮೊದಲು ಕೈ ತಡೆದಳು.

“ನನ್ನ ಹತ್ರ ಬರ್ತೀರಾ?” ಎಂದಳು ಮೆಲ್ಲಗೆ. “ಕೇಳೋದಕ್ಕೆ ನಂಗೆ ಇಷ್ಟು ವರ್ಷ ಬೇಕಾಯ್ತು.”